ಕಹಳೆಯ ಬಾಯಿ ಮುಚ್ಚಿದಾಗ

ಇಟಲಿಯ ಪಡುವಾದಲ್ಲಿ ಅಂಗರಚನಾಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಗೇಬ್ರಿಯೆಲ್ ಫೆಲೋಪಿಯೊ 1561ರಲ್ಲಿ ತನ್ನ ಗ್ರಂಥ ಪ್ರಕಟಿಸಿದ. ಗರ್ಭಕೋಶದ ಎರಡೂ ಬದಿಗೆ ಚಾಚಿಕೊಂಡ ನಾಳಗಳನ್ನು ಅದರಲ್ಲಿ ಆತ ಕಹಳೆಗೆ ಹೋಲಿಸಿದ. ತುದಿಯಲ್ಲಿ ಅಗಲವಾಗಿ ಬಿರಿದ ಬಾಯಿ, ಅದರ ಅಂಚಿಗೆ ಕುಚ್ಚಿನಂಥ ಎಳೆಗಳು. ಅಂಡವನ್ನು ಒಳಕ್ಕೆ ಸೆಳೆದುಕೊಳ್ಳುವುದು ಈ ಬಾಯಿಯೇ.

ಸೋಂಕು ತಗಲಿದರೆ ಈ ಬಾಯಿ ಮುಚ್ಚಿಕೊಂಡು, ಒಳಗೆ ನೀರು ತುಂಬಿ ನಾಳ ಊದಿಕೊಳ್ಳಬಹುದು. ಇದೇ ಹೈಡ್ರೊಸಾಲ್ಪಿಂಕ್ಸ್. ಕ್ಲಮೈಡಿಯಾ, ಗೊನೋರಿಯಾಗಳ ಜೊತೆಗೆ ಭಾರತದಲ್ಲಿ ಕ್ಷಯವೂ ಇದಕ್ಕೆ ಮುಖ್ಯ ಕಾರಣ. ಇಂಥ ನಾಳವನ್ನು ಕತ್ತರಿಸಬೇಕೇ, ಬೇಡವೇ? ಈ ಪ್ರಶ್ನೆಗೆ ವೈದ್ಯಲೋಕ ಕೊಟ್ಟ ಉತ್ತರ ಕಾಲಕಾಲಕ್ಕೆ ಬದಲಾಗಿದೆ.

1880ರ ದಶಕದಲ್ಲಿ ಬರ್ಮಿಂಗ್‌ಹ್ಯಾಮ್‌ನ ಲಾಸನ್ ಟೇಟ್ ಊದಿದ, ಕೀವು ತುಂಬಿದ ನಾಳಗಳನ್ನು ತೆಗೆದುಹಾಕುವುದರಲ್ಲಿ ಹೆಸರಾದ. ಜೀವಿರೋಧಕಗಳಿಲ್ಲದ ಆ ಕಾಲದಲ್ಲಿ ನೋವು ನೀಗಿಸುವುದು, ಜೀವ ಉಳಿಸುವುದೇ ಗುರಿ. ಆದರೆ ಅಗತ್ಯ ಮೀರಿ ಹೆಂಗಸರ ಅಂಗಗಳನ್ನು ತೆಗೆಯಲಾಗುತ್ತಿದೆ ಎಂಬ ಕೂಗೂ ಎದ್ದಿತು. 1886ರಲ್ಲಿ ಲಿವರ್‌ಪೂಲ್‌ನ ಇಂಥದೊಂದು ಪ್ರಕರಣ ನ್ಯಾಯಾಲಯದವರೆಗೂ ಹೋಯಿತು.

ಇಪ್ಪತ್ತನೆಯ ಶತಮಾನದಲ್ಲಿ ಗಮನ ಸಂತಾನದ ಕಡೆಗೆ ಹೊರಳಿತು. ನ್ಯೂಯಾರ್ಕಿನ ಐಸಿಡೋರ್ ರೂಬಿನ್ 1920ರ ಸುಮಾರಿಗೆ ಅನಿಲ ಹಾಯಿಸಿ ನಾಳ ತೆರೆದಿದೆಯೇ ಎಂದು ಪರೀಕ್ಷಿಸುವ ವಿಧಾನ ತಂದ. 1970ರ ದಶಕದಲ್ಲಿ ಸೂಕ್ಷ್ಮದರ್ಶಕದಡಿ ಮುಚ್ಚಿದ ಬಾಯಿ ಬಿಡಿಸುವ ಶಸ್ತ್ರಕ್ರಿಯೆ ಬೆಳೆಯಿತು. ಆದರೆ ಬಿಡಿಸಿದ ಬಾಯಿ ಮತ್ತೆ ಮುಚ್ಚಿಕೊಳ್ಳುವುದುಂಟು. ಗರ್ಭ ನಾಳದಲ್ಲೇ ನೆಲೆಸುವ ಅಪಾಯವೂ ಉಂಟು.

1978ರ ಜುಲೈ 25ರಂದು ಇಂಗ್ಲೆಂಡಿನ ಓಲ್ಡ್‌ಹ್ಯಾಮ್‌ನಲ್ಲಿ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ ಜನಿಸಿದಳು. ಆಕೆಯ ತಾಯಿಯ ನಾಳಗಳು ಮುಚ್ಚಿದ್ದವು. ಇನ್ನು ನಾಳದ ಗೊಡವೆಯೇ ಬೇಡ ಎಂದು ತೋರಿದ್ದು ಸಹಜ. ಆದರೆ ಊದಿದ ನಾಳವುಳ್ಳವರಲ್ಲಿ ಈ ಚಿಕಿತ್ಸೆಯ ಯಶಸ್ಸು ಸುಮಾರು ಅರ್ಧಕ್ಕಿಳಿಯುತ್ತದೆಂದು 1990ರ ದಶಕದಲ್ಲಿ ಗೊತ್ತಾಯಿತು. ನಾಳದ ನೀರು ಗರ್ಭಕೋಶಕ್ಕೆ ಹಿಂದಿರುಗಿ ಭ್ರೂಣ ನೆಲೆಯೂರಲು ಅಡ್ಡಿಯಾಗುತ್ತಿತ್ತು. 1999ರಲ್ಲಿ ಪ್ರಕಟವಾದ, 204 ಮಹಿಳೆಯರ ಸ್ಕ್ಯಾಂಡಿನೇವಿಯಾದ ಅಧ್ಯಯನದಲ್ಲಿ, ಮೊದಲು ನಾಳ ತೆಗೆಸಿಕೊಂಡವರಲ್ಲಿ ನೂರಕ್ಕೆ ಸುಮಾರು 29 ಮಂದಿಗೆ ಹೆರಿಗೆಯಾಯಿತು. ತೆಗೆಸದವರಲ್ಲಿ ಸುಮಾರು 16 ಮಂದಿಗೆ. ಸ್ಕ್ಯಾನಿಂಗ್‌ನಲ್ಲಿ ಕಾಣುವಷ್ಟು ಊತವಿದ್ದವರಿಗೇ ಹೆಚ್ಚು ಲಾಭ. ಹೀಗೆ ಟೇಟ್ ಜೀವ ಉಳಿಸಲು ಎತ್ತಿದ ಕತ್ತರಿ, ಮಗು ಪಡೆಯಲೆಂದು ಮರಳಿ ಬಂತು.

ಹಾಗೆಂದು ಎಲ್ಲರಿಗೂ ಕತ್ತರಿಯೇ ಗತಿಯಲ್ಲ. ನೋವಿಲ್ಲದ, ಮಗು ಬೇಡವೆನ್ನುವವರು ವೈದ್ಯರ ನಿಗಾದಲ್ಲಿ ಹಾಗೆಯೇ ಇರಬಹುದು. ಗೋಡೆ ತೆಳುವಾಗಿದ್ದು ಒಳಪದರ ಚೆನ್ನಾಗಿದ್ದರೆ, ವಯಸ್ಸೂ ಚಿಕ್ಕದಿದ್ದರೆ, ಬಾಯಿ ಬಿಡಿಸಿ ನೋಡಬಹುದು. ಕೆಟ್ಟುಹೋದ ನಾಳವನ್ನು ಪ್ರನಾಳ ಚಿಕಿತ್ಸೆಗೆ ಮೊದಲು ತೆಗೆಯುವುದು, ಅಂಟಿಕೊಂಡು ತೆಗೆಯಲಾಗದಿದ್ದರೆ ಗರ್ಭಕೋಶದ ಬದಿಯಲ್ಲಿ ಕಟ್ಟುವುದು ಈಗಿನ ಕ್ರಮ. ಕ್ಷಯವಿದ್ದರೆ ಔಷಧಿ ಮೊದಲು.

ಎರಡೂ ನಾಳ ತೆಗೆದ ಮೇಲೆ ಸಹಜವಾಗಿ ಗರ್ಭ ಧರಿಸುವ ದಾರಿ ಇಲ್ಲ. ಆದ್ದರಿಂದ ಊತ ಎಷ್ಟಿದೆ ಎಂದು ನೋಡಿದರಷ್ಟೇ ಸಾಲದು. ಆ ಹೆಣ್ಣಿಗೆ ಏನು ಬೇಕು ಎಂದು ಮೊದಲು ಕೇಳಬೇಕು.