ಗಾಲ್ಫ್ ಮೈದಾನ: ವಿನ್ಯಾಸ ಮತ್ತು ಪುನರುಜ್ಜೀವನ

ಗಾಲ್ಫ್ ಆಟಕ್ಕೆಂದು ರೂಪಿಸಿದ ನೆಲವೇ ಗಾಲ್ಫ್ ಮೈದಾನ. ಹಾಕಿ, ಟೆನಿಸ್, ಕಬಡ್ಡಿ ಅಂಗಳಗಳಿಗೆ ನಿಗದಿಯಾದ ಉದ್ದಗಲ ಉಂಟು, ಗಾಲ್ಫ್‌ಗೆ ಇಲ್ಲ. ಇಲ್ಲಿ ಎಲ್ಲೆಡೆ ಒಂದೇ ಆಗಿರುವುದು ಕುಳಿಯ ವ್ಯಾಸ, 4.25 ಅಂಗುಲ. ಉಳಿದದ್ದೆಲ್ಲ ನೆಲದ ಏರಿಳಿತ, ಮಣ್ಣು, ಗಾಳಿ, ನೀರು ಮತ್ತು ವಿನ್ಯಾಸಕಾರನ ವಿವೇಕಕ್ಕೆ ಬಿಟ್ಟದ್ದು. 18 ಕುಳಿಗಳ ಮೈದಾನಕ್ಕೆ ಸಾಮಾನ್ಯವಾಗಿ 120ರಿಂದ 160 ಎಕರೆ ಬೇಕಾಗುತ್ತದೆ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿ 1764ರಲ್ಲಿ 22 ಕುಳಿಗಳ ಸುತ್ತನ್ನು 18ಕ್ಕೆ ಇಳಿಸಿದರು. ಮುಂದೆ ಜಗತ್ತೆಲ್ಲ ಅದನ್ನೇ ಅನುಸರಿಸಿತು.

ಬ್ರಿಟಿಷ್ ದ್ವೀಪಗಳ ಹೊರಗೆ ಮೊದಲ ಗಾಲ್ಫ್ ಕ್ಲಬ್ ಹುಟ್ಟಿದ್ದು ಭಾರತದಲ್ಲಿ, 1829ರಲ್ಲಿ, ಕಲ್ಕತ್ತೆಯಲ್ಲಿ. ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ. ಹೈಗ್ರೌಂಡ್ಸ್‌ನಲ್ಲಿರುವ ಅದರ ಮೈದಾನವನ್ನು ನಗರದ ರಸ್ತೆ ಸೀಳಿಕೊಂಡು ಹೋಗುತ್ತದೆ. ಮೈಸೂರಿನಲ್ಲಿ ಜಯಚಾಮರಾಜ ಒಡೆಯರ್ ಹೆಸರಿನ ಕ್ಲಬ್ಬು ಚಾಮುಂಡಿ ಬೆಟ್ಟದ ತಪ್ಪಲಲ್ಲಿ, ಕುದುರೆ ಪಂದ್ಯದ ಬಯಲಲ್ಲೇ ಆಡುತ್ತದೆ. ಕೊಡಗಿನ ಮಡಿಕೇರಿ, ಬಿಟ್ಟಂಗಾಲ ಹಾಗೂ ಚಿಕ್ಕಮಗಳೂರಿನ ಮೈದಾನಗಳು ಕಾಫಿ ಸೀಮೆಯವು.

ಪ್ರತಿ ಕುಳಿಯ ಆಟ ‘ಟೀ’ ಎಂಬ ಸಮತಟ್ಟು ಜಾಗದಿಂದ ಮೊದಲಾಗಿ, ಕತ್ತರಿಸಿದ ಹುಲ್ಲಿನ ‘ಫೇರ್‌ವೇ’ ದಾಟಿ, ಕುಳಿಯಿರುವ ‘ಗ್ರೀನ್’ನಲ್ಲಿ ಮುಗಿಯುತ್ತದೆ. ಪಕ್ಕದಲ್ಲಿ ಉದ್ದ ಹುಲ್ಲಿನ ‘ರಫ್’, ನಡುನಡುವೆ ಮರಳಿನ ‘ಬಂಕರ್’. ಇವುಗಳಲ್ಲಿ ಅತಿ ಹೆಚ್ಚು ಶ್ರಮ ಬೇಡುವುದು ಗ್ರೀನ್. ಅಮೆರಿಕದ ಗಾಲ್ಫ್ ಸಂಘ 1960ರಲ್ಲಿ ಗೊತ್ತುಪಡಿಸಿದ ಕ್ರಮದಂತೆ ತಳದಲ್ಲಿ ನೀರು ಬಸಿಯುವ ಕೊಳವೆ, ಅದರ ಮೇಲೆ 4 ಅಂಗುಲ ಜಲ್ಲಿ, ಅದರ ಮೇಲೆ 12 ಅಂಗುಲ ಮರಳುಮಿಶ್ರಣ ಹಾಸಿ ಹುಲ್ಲು ಬೆಳೆಸುತ್ತಾರೆ. ಬಿಸಿಲುನಾಡುಗಳಲ್ಲಿ ಬೆಳೆಸುವ ಬರ್ಮುಡಾ ಹುಲ್ಲು ಬೇರೇನೂ ಅಲ್ಲ, ಗಣಪತಿಗೆ ಏರಿಸುವ ನಮ್ಮ ಗರಿಕೆ. ಅದನ್ನು ದಕ್ಷಿಣ ಆಫ್ರಿಕದ ಸೋದರ ಜಾತಿಯೊಂದಿಗೆ ಕೂಡಿಸಿ ಅಮೆರಿಕದ ಟಿಫ್ಟನ್‌ನಲ್ಲಿ ಗಿಡ್ಡ ತಳಿಗಳನ್ನು ಪಡೆದರು. ಇವುಗಳನ್ನು ಕೆಲವೇ ಮಿಲಿಮೀಟರ್ ಎತ್ತರಕ್ಕೆ ಕತ್ತರಿಸಿದರೂ ಸಾಯುವುದಿಲ್ಲ.

ಮೊದಲ ಮೈದಾನಗಳನ್ನು ಯಾರೂ ಕಟ್ಟಲಿಲ್ಲ. ಕಡಲಂಚಿನ ಮರಳುದಿಬ್ಬಗಳಲ್ಲಿ ಕುರಿ ಮೇಯ್ದು ಹುಲ್ಲು ತಾನೇ ಗಿಡ್ಡವಾಗಿತ್ತು. ವಿನ್ಯಾಸ ಒಂದು ವೃತ್ತಿಯಾದದ್ದು ಆಮೇಲೆ. ಬೋಯರ್ ಯುದ್ಧದಲ್ಲಿ ವೈದ್ಯನಾಗಿದ್ದ ಅಲಿಸ್ಟರ್ ಮೆಕೆಂಜಿ, ಶತ್ರುಸೈನಿಕರು ನೆಲದ ಏರುತಗ್ಗಿನಲ್ಲೇ ಮರೆಯಾಗುವುದನ್ನು ಕಂಡು, ಕೃತಕ ದಿಬ್ಬವೂ ಸಹಜವಾಗಿ ಕಾಣಬೇಕೆಂಬ ಪಾಠವನ್ನು ಗಾಲ್ಫ್‌ಗೆ ತಂದ. ಕ್ಯಾಲಿಫೋರ್ನಿಯದ ಸೈಪ್ರೆಸ್ ಪಾಯಿಂಟ್ ಅವನದು. ಅಗಸ್ಟಾ ಮೈದಾನವನ್ನು ಆಟಗಾರ ಬಾಬಿ ಜೋನ್ಸ್ ಜೊತೆಗೂಡಿ ರೂಪಿಸಿದ. ಒಳ್ಳೆಯ ವಿನ್ಯಾಸ ಹೊಸಬನನ್ನು ಶಿಕ್ಷಿಸದೆ, ನುರಿತವನನ್ನು ಯೋಚನೆಗೆ ಹಚ್ಚುತ್ತದೆ.

ಕರ್ನಾಟಕದ ಹೊಸ ಮೈದಾನಗಳಲ್ಲಿ ಹೆಚ್ಚು ಚರ್ಚೆಗೆ ಯೋಗ್ಯವಾದದ್ದು ಬೆಂಗಳೂರಿನ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನದು. ಬ್ರಿಟಿಷ್ ಓಪನ್ ಅನ್ನು ಐದು ಬಾರಿ ಗೆದ್ದ ಆಸ್ಟ್ರೇಲಿಯದ ಪೀಟರ್ ಥಾಮ್ಸನ್ ಅದರ ವಿನ್ಯಾಸಕಾರ. 2012ರ ಇಂಡಿಯನ್ ಓಪನ್ ಅಲ್ಲೇ ನಡೆಯಿತು. ಆದರೆ ಆ ನೆಲ ಹಿಂದೆ ಚಲ್ಲಘಟ್ಟ ಕೆರೆಯ ಅಂಗಳ. ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು 2018ರಿಂದ ಕೋಲಾರದ ಕೆರೆಗಳಿಗೆ ಹರಿಸುತ್ತಿರುವ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯಲ್ಲಿ ಆ ಕೆರೆಯ ಹೆಸರು ಇಂದಿಗೂ ಉಳಿದಿದೆ. ಮೈದಾನದ ಚೆಲುವನ್ನು ಹೊಗಳುವವರು ಕಳೆದುಹೋದ ಕೆರೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕಟ್ಟಿದ ಮೈದಾನವೂ ಕಟ್ಟಿದಂತೆಯೇ ಉಳಿಯುವುದಿಲ್ಲ. ಮರ ಬೆಳೆದು ನೆರಳು ಕವಿಯುತ್ತದೆ, ಬಂಕರ್‌ಗಳ ಅಂಚು ಕುಸಿಯುತ್ತದೆ, ವರ್ಷವರ್ಷವೂ ಹುಲ್ಲು ಕತ್ತರಿಸುವವರ ಕೈಯಲ್ಲಿ ಗ್ರೀನ್ ಕಿರಿದಾಗುತ್ತದೆ. ಹಳೆಯ ನಕ್ಷೆ, ಛಾಯಾಚಿತ್ರಗಳನ್ನು ಹುಡುಕಿ ಮೂಲರೂಪವನ್ನು ಮರಳಿ ತರುವುದು ಪುನರುಜ್ಜೀವನ. ಹೊಸದಾಗಿ ರೂಪಿಸುವುದು ಮರುವಿನ್ಯಾಸ. ದೆಹಲಿ ಗಾಲ್ಫ್ ಕ್ಲಬ್ಬಿನ ಲೋದಿ ಮೈದಾನವನ್ನು 1970ರ ದಶಕದಲ್ಲಿ ಥಾಮ್ಸನ್, 2019ರ ಹೊತ್ತಿಗೆ ಆಟಗಾರ ಗ್ಯಾರಿ ಪ್ಲೇಯರ್ ಬದಲಿಸಿದ್ದು ಎರಡನೆಯ ಬಗೆ. ಮೊದಲನೆಯದಕ್ಕೆ ಮಾದರಿ ಅಮೆರಿಕದ ಪೈನ್‌ಹರ್ಸ್ಟ್‌ನ ಎರಡನೆಯ ಮೈದಾನ. 2010–11ರಲ್ಲಿ ವಿನ್ಯಾಸಕಾರರಾದ ಬಿಲ್ ಕೂರ್ ಮತ್ತು ಬೆನ್ ಕ್ರೆನ್‌ಶಾ ಅಲ್ಲಿ ಸುಮಾರು 35 ಎಕರೆ ಹುಲ್ಲನ್ನು ಕಿತ್ತು ಮೂಲದ ಮರಳನ್ನು ಹೊರತೆಗೆದರು. ನೀರು ಚಿಮ್ಮಿಸುವ ಸ್ಪ್ರಿಂಕ್ಲರ್‌ಗಳು ಸುಮಾರು 1,150 ಇದ್ದದ್ದು 450ಕ್ಕೆ ಇಳಿದವು. 2014ರ ಯು.ಎಸ್. ಓಪನ್ ನಡೆದದ್ದು ಆ ಕಂದುನೆಲದಲ್ಲೇ.

ಸೇಂಟ್ ಆಂಡ್ರೂಸ್‌ನ ಹಳೆಯ ಮೈದಾನ ಊರವರ ಸ್ವತ್ತು. ಭಾನುವಾರ ಆಟ ನಿಂತು ಜನ ಅಲ್ಲಿ ಅಡ್ಡಾಡುತ್ತಾರೆ. ನಮ್ಮಲ್ಲಿ ಗಾಲ್ಫ್ ಬಹುಮಟ್ಟಿಗೆ ಸದಸ್ಯತ್ವದ ಬೇಲಿಯೊಳಗಿದೆ. ಆ ಬೇಲಿಯನ್ನು ದಾಟಿದವರಲ್ಲಿ ಮುಖ್ಯರು ಆಟಗಾರರ ಚೀಲ ಹೊತ್ತ ಕ್ಯಾಡಿಗಳು. ಕ್ಯಾಡಿಯಾಗಿದ್ದ ಬೆಂಗಳೂರಿನ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಬಿಡದಿಯ ಈಗಲ್‌ಟನ್ ಮೈದಾನದ ನೆರೆಯಲ್ಲಿ ಬೆಳೆದ ಎಸ್. ಚಿಕ್ಕರಂಗಪ್ಪ ವೃತ್ತಿಪರ ಆಟಗಾರರಾದರು. ಬೆಂಗಳೂರಿನ ಅದಿತಿ ಅಶೋಕ್‌ಗೆ ರಿಯೋ ಒಲಿಂಪಿಕ್ಸ್‌ನಲ್ಲಿ ತಂದೆಯೂ ಟೋಕಿಯೊದಲ್ಲಿ ತಾಯಿಯೂ ಕ್ಯಾಡಿ. ಟೋಕಿಯೊದಲ್ಲಿ ಅದಿತಿ ನಾಲ್ಕನೆಯವರಾದರು.

ಊರ ನಡುವಿನ ಗಾಲ್ಫ್ ಬಯಲು ಆಟಗಾರರಿಗಷ್ಟೇ ಅಲ್ಲ, ಕಾಡುಪ್ರಾಣಿಗೂ ಆಸರೆ. 2022ರ ಆಗಸ್ಟ್‌ನಲ್ಲಿ ಬೆಳಗಾವಿಯ ಗಾಲ್ಫ್ ಮೈದಾನ ಹೊಕ್ಕ ಚಿರತೆಯಿಂದಾಗಿ ಸುತ್ತಲಿನ ಶಾಲೆಗಳಿಗೆ ರಜೆ ಕೊಡಬೇಕಾಯಿತು. ಹುಡುಕಾಟಕ್ಕೆ ಸಕ್ರೆಬೈಲು ಬಿಡಾರದ ಆನೆಗಳು ಬಂದವು.

ಆದರೆ ಹಸಿರು ಮೈದಾನಕ್ಕೆ ಬೇಕಾದ ನೀರು ಎಲ್ಲೆಡೆ ಇಲ್ಲ. ಬೆಳಗಾವಿಯ ಪೂರ್ವಕ್ಕೆ ಅಥಣಿ, ಜತ್ತ, ಇಂಡಿ ಕಡೆ ಸಾಗಿದರೆ ಮಳೆ ಸೊರಗುತ್ತದೆ. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಕನ್ನಡ ಹಳ್ಳಿಗಳು ಕೃಷ್ಣೆಯ ನೀರಿಗಾಗಿ ದಶಕಗಳ ಕಾಲ ಕಾದಿವೆ. ಮ್ಹೈಸಾಳ ಏತ ನೀರಾವರಿಯಂಥ ಯೋಜನೆಗಳು ಹುಟ್ಟಿದ್ದೇ ಆ ಬಾಯಾರಿಕೆಯಿಂದ. ಹುಲ್ಲಿನ 18 ಕುಳಿಗಳ ಮೈದಾನ ಬೇಸಿಗೆಯಲ್ಲಿ ದಿನಕ್ಕೆ ಹತ್ತು ಲಕ್ಷ ಲೀಟರ್ ನೀರು ಕುಡಿಯಬಲ್ಲದು. ಇಂಥ ಸೀಮೆಗೆ ತಕ್ಕದ್ದು ಭಾರತದ ಸೇನಾ ನೆಲೆಗಳಲ್ಲಿ ಹಿಂದಿನಿಂದ ಬಂದ ‘ಬ್ರೌನ್’: ಹುಲ್ಲಿನ ಬದಲು ಎಣ್ಣೆ ಬೆರೆಸಿ ಒತ್ತಿದ ಮರಳಿನ ಅಂಗಳ. ಚೆಂಡು ಅದರ ಮೇಲೂ ನೆಟ್ಟಗೆ ಉರುಳುತ್ತದೆ. ಬರದ ನಾಡಿನಲ್ಲಿ ಮೈದಾನ ಕಟ್ಟಲು ಹೊರಡುವವರು ಬ್ರೌನ್ ಮತ್ತು ಸಂಸ್ಕರಿಸಿದ ನೀರು ಇವೆರಡರಾಚೆಗೆ ಏನನ್ನೂ ಕೇಳಬಾರದು. ಕೇಳಿದರೆ ಗ್ರಾಮ ಪಂಚಾಯಿತಿಗಳು ಒಪ್ಪಲೂಬಾರದು.