ಬಣ್ಣದ ಅಕ್ಷರಗಳು



ಮೊಮ್ಮಗಳ ಜೊತೆಗೆ ನಾನೂ ಪೈಥಾನ್ ಎಂಬ ಗಣಕಭಾಷೆಯನ್ನು ಕಲಿಯುತ್ತಿರುವ ಸಂಗತಿ ನಿಮ್ಮಲ್ಲಿ ಕೆಲವರಿಗೆ ತಿಳಿದಿದೆ. ಇದುವರೆಗೆ ಸಾದಾ ನೋಟ್‌ಪ್ಯಾಡಿನಲ್ಲಿ ಬರೆಯುತ್ತಿದ್ದೆ. ಕಳೆದ ತಿಂಗಳು ಅವಳು ಹೊಸ ಎಡಿಟರ್ ಒಂದನ್ನು ಹಾಕಿಕೊಟ್ಟಳು. ಅದರಲ್ಲಿ ಆಜ್ಞಾಪದಗಳಿಗೆ ಒಂದು ಬಣ್ಣ, ಉದ್ಧರಣ ಚಿಹ್ನೆಯೊಳಗಿನ ಮಾತಿಗೆ ಮತ್ತೊಂದು, ಟಿಪ್ಪಣಿಗೆ ಮಗದೊಂದು. ಎಡ ಅಂಚಿನಲ್ಲಿ ಸಾಲುಗಳ ಸಂಖ್ಯೆ. ಜಾತ್ರೆಯ ಬಳೆ ಅಂಗಡಿಯಂತೆ ಕಂಡ ಇದೆಲ್ಲ ಏತಕ್ಕೆಂದು ಇತಿಹಾಸವನ್ನು ಅರಸಿದೆ.

ಯಂತ್ರಕ್ಕೆ ಇವಾವುವೂ ಬೇಕಿಲ್ಲ, ಬೇಕಾದದ್ದು ಮನುಷ್ಯನಿಗೆ. 1957ರಲ್ಲಿ ಬಂದ ಫೋರ್ಟ್ರಾನ್ ಭಾಷೆಯ ಕಾಲದಲ್ಲಿ ಪ್ರೋಗ್ರಾಮನ್ನು ರಟ್ಟಿನ ಕಾರ್ಡುಗಳಲ್ಲಿ ರಂಧ್ರ ಕೊರೆದು ಬರೆಯುತ್ತಿದ್ದರು. ಕಾರ್ಡಿನಲ್ಲಿ 80 ಕಾಲಮುಗಳು. 73ರಿಂದ 80ರವರೆಗಿನವನ್ನು ಕಂಪೈಲರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಅಲ್ಲಿ ಜನ ಕ್ರಮಸಂಖ್ಯೆ ಹಾಕಿಡುತ್ತಿದ್ದರು. ಕಟ್ಟು ಕೈಜಾರಿ ಬಿದ್ದರೆ ಕಾರ್ಡುಗಳನ್ನು ಮತ್ತೆ ಜೋಡಿಸಲು ಅದೇ ಆಧಾರ.

ಬಣ್ಣದ ಕಥೆ ಭಾಷಾ ಶಿಕ್ಷಕನಾದ ನನಗೆ ಇನ್ನೂ ಪ್ರಿಯವಾಯಿತು. 1985ರ ಸುಮಾರಿಗೆ ಐಬಿಎಂ ಸಂಸ್ಥೆಯ ಮೈಕ್ ಕೌಲಿಷಾ ಅವರು ಲೆಕ್ಸ್ ಎಂಬ ಎಡಿಟರನ್ನು ರಚಿಸಿದರು. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟನ್ನು ಗಣಕಕ್ಕೆ ಅಳವಡಿಸುವ ಕಾರ್ಯಕ್ಕೆ ಅದು ಒದಗಿತು. ನಿಘಂಟಿನ ಒಂದೊಂದು ನಮೂದಿನಲ್ಲೂ ಮುಖ್ಯಪದ, ಉಚ್ಚಾರಣೆ, ನಿಷ್ಪತ್ತಿ, ಅರ್ಥ, ಪ್ರಯೋಗ ಎಲ್ಲವೂ ಒತ್ತೊತ್ತಾಗಿರುತ್ತವೆ. ಅವುಗಳನ್ನು ಬಣ್ಣ ಮತ್ತು ಅಕ್ಷರಶೈಲಿಗಳಿಂದ ಬೇರ್ಪಡಿಸಿ ತೋರಿಸಿದ ಮೊದಲಿಗರಲ್ಲಿ ಲೆಕ್ಸ್ ಒಂದು. ಆ ನಿಘಂಟಿನ ಎರಡನೆಯ ಆವೃತ್ತಿ 1989ರಲ್ಲಿ 20 ಸಂಪುಟಗಳಲ್ಲಿ ಹೊರಬಂದಿತು. ಮುಂದೆ 1992ರ ಟರ್ಬೊ ಪ್ಯಾಸ್ಕಲ್ 7.0, 1998ರ ವಿಮ್ 5.0 ಮೊದಲಾದವುಗಳಿಂದ ಬಣ್ಣ ಪ್ರೋಗ್ರಾಮರುಗಳಿಗೆ ರೂಢಿಯಾಯಿತು.

ನಮ್ಮ ಓಲೆಗರಿಗಳನ್ನು ನೆನೆಯಿರಿ. ಪದಗಳ ನಡುವೆ ತೆರಪಿಲ್ಲದ ಆ ಸಾಲುಗಳನ್ನು ಓದುಗನೇ ಬಿಡಿಸಿಕೊಳ್ಳಬೇಕಿತ್ತು. ಇಂದು ತೆರಪಿಲ್ಲದ ಪುಟವನ್ನು ಓದಲು ನಮಗೆ ಕಷ್ಟ. ಅಭ್ಯಾಸವೆಂಬುದು ಹೀಗೆ.

ನನಗೂ ಮೂರು ವಾರಗಳಲ್ಲಿ ಕಣ್ಣು ಪಳಗಿತು. ಉದ್ಧರಣ ಚಿಹ್ನೆಯನ್ನು ಮುಚ್ಚಲು ಮರೆತರೆ ಸಾಲಿನ ಉಳಿದ ಭಾಗ ಬಣ್ಣ ಬದಲಿಸಿ ಎಚ್ಚರಿಸುತ್ತದೆ. ಆದರೆ ಒಂದು ದಿನ ಸರಾಸರಿ ಕಂಡುಹಿಡಿಯುವಾಗ ಐದರ ಬದಲು ಆರರಿಂದ ಭಾಗಿಸಿದ್ದೆ. ಬಣ್ಣಗಳೆಲ್ಲ ಸರಿಯಾಗಿದ್ದವು, ಉತ್ತರ ಮಾತ್ರ ತಪ್ಪಾಗಿತ್ತು. ಬಣ್ಣವು ಪದದ ಜಾತಿಯನ್ನು ತಿಳಿಸೀತು, ಬರೆದವನ ವಿವೇಕವನ್ನಲ್ಲ.

ಕೊನೆಗೊಂದು ಮಾತು. ಹಿಂದೊಮ್ಮೆ ಎಂಟನೆಯ ತರಗತಿಯ ಹುಡುಗಿಯೊಬ್ಬಳು ನಾಮಪದ, ಕ್ರಿಯಾಪದ, ಅವ್ಯಯಗಳನ್ನು ಬೇರೆ ಬೇರೆ ಬಣ್ಣದ ಪೆನ್ಸಿಲಿನಿಂದ ಬರೆದು ತಂದಿದ್ದಳು. "ಇದು ಚಿತ್ರಕಲೆಯ ಪುಸ್ತಕವಲ್ಲ" ಎಂದು ಗದರಿ, ಎಲ್ಲವನ್ನೂ ನೀಲಿ ಶಾಯಿಯಲ್ಲಿ ಮತ್ತೆ ಬರೆಸಿದೆ. ಅವಳ ವಿಂಗಡಣೆಯಲ್ಲಿ ಒಂದು ತಪ್ಪೂ ಇರಲಿಲ್ಲ. ನಾನು ಅದನ್ನು ಓದಲೇ ಇಲ್ಲ. ಅಮ್ಮಾ, ನೀನು ಇದನ್ನು ಓದುತ್ತಿದ್ದರೆ ನಿನ್ನ ಮೇಷ್ಟ್ರನ್ನು ಕ್ಷಮಿಸು.