ಕೊಯಮತ್ತೂರು–ತಿರುಪ್ಪೂರು ಸೀಮೆಯಲ್ಲಿ ಆಂಬುಲೆನ್ಸ್: ಬೇಡಿಕೆ ಬದಲಾದ ಬಗೆ

ಇಂದು ತಮಿಳುನಾಡಿನ ಕೊಯಮತ್ತೂರು ಮತ್ತು ತಿರುಪ್ಪೂರು ಎಂಬ ಎರಡು ಜಿಲ್ಲೆಗಳಾಗಿ ಹಂಚಿಹೋಗಿರುವ ಸೀಮೆ ಕನ್ನಡ ಓದುಗರಿಗೆ ತೀರ ಹೊರಗಿನದೇನಲ್ಲ. 1799ರ ವರೆಗೆ ಅದು ಮೈಸೂರಿನ ಆಳ್ವಿಕೆಗೆ ಒಳಪಟ್ಟಿತ್ತು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆ ನಡೆಯುವ ತನಕ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಯ ಭಾಗವೇ ಆಗಿತ್ತು. ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡ ದೇವಾಂಗ ನೇಕಾರರೂ ಒಕ್ಕಲಿಗ ಗೌಡರೂ ಅಲ್ಲಿ ಈಗಲೂ ನೆಲೆಸಿದ್ದಾರೆ. ಬಟ್ಟೆ ಮತ್ತು ಯಂತ್ರಗಳ ತಯಾರಿಕೆಗೆ ಹೆಸರಾದ ಈ ಸೀಮೆಯಲ್ಲಿ ಆಂಬುಲೆನ್ಸಿನ ಬೇಡಿಕೆ ಒಂದು ಶತಮಾನದ ಅವಧಿಯಲ್ಲಿ ಹಲವು ಬಾರಿ ರೂಪ ಬದಲಿಸಿದೆ. ಆ ಬದಲಾವಣೆಗೆ ಕಾಯಿಲೆಗಳ ಏರಿಳಿತವೊಂದೇ ಕಾರಣವಲ್ಲ. ದುಡಿಯುವ ಊರಿಗೂ ಚಿಕಿತ್ಸೆ ದೊರೆಯುವ ಊರಿಗೂ ನಡುವಿನ ದೂರ ಎಷ್ಟು, ಆ ದೂರವನ್ನು ಕ್ರಮಿಸುವ ವೆಚ್ಚ ಯಾರ ಮೇಲೆ ಬೀಳುತ್ತದೆ ಎಂಬ ಎರಡು ಸಂಗತಿಗಳೇ ಬೇಡಿಕೆಯ ಸ್ವರೂಪವನ್ನು ಮುಖ್ಯವಾಗಿ ನಿರ್ಧರಿಸಿವೆ.

1866ರಲ್ಲಿ ಪುರಸಭೆಯಾದ ಕೊಯಮತ್ತೂರಿನಲ್ಲಿ ರೋಗಿಗಳ ಸಾಗಣೆ ಸಾರ್ವಜನಿಕ ಪ್ರಶ್ನೆಯಾದದ್ದು ಪ್ಲೇಗಿನ ಕಾಲದಲ್ಲಿ. 20ನೇ ಶತಮಾನದ ಮೊದಲ ದಶಕಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡ ಈ ಪಿಡುಗಿನ ಹೊಡೆತವನ್ನು ಜನಗಣತಿಯ ಅಂಕಿಗಳಲ್ಲೇ ಓದಬಹುದು: 1901ರಲ್ಲಿ 53,080 ಇದ್ದ ಪಟ್ಟಣದ ಜನಸಂಖ್ಯೆ 1911ರ ವೇಳೆಗೆ 47,007ಕ್ಕೆ ಇಳಿದಿತ್ತು. ಜನರು ಪ್ಲೇಗ್ ಮಾರಿಯಮ್ಮನಿಗೆ ಗುಡಿ ಕಟ್ಟಿದರು. ಮುಂದೆ ಇಕ್ಕಟ್ಟಾದ ಹಳೆಯ ಕೇರಿಗಳಿಂದ ಜನರನ್ನು ಹೊರಗೆ ನೆಲೆಗೊಳಿಸಲು ಆರ್.ಎಸ್. ಪುರದಂತಹ ಹೊಸ ಬಡಾವಣೆಗಳು ಹುಟ್ಟಿಕೊಂಡವು. ಆ ಕಾಲದಲ್ಲಿ ರೋಗಿಯನ್ನು ಮನೆಯಿಂದ ಹೊರಗೆ ಒಯ್ಯುವ ಉದ್ದೇಶ ಆತನನ್ನು ಬದುಕಿಸುವುದಕ್ಕಿಂತ ಹೆಚ್ಚಾಗಿ ಊರಿನಿಂದ ಬೇರ್ಪಡಿಸುವುದಾಗಿತ್ತು. ಹಾಗಾಗಿ ಆ ಸಾಗಣೆಯನ್ನು ಬಯಸಿದ್ದು ಆಡಳಿತವೇ ಹೊರತು ರೋಗಿಯ ಮನೆಯವರಲ್ಲ. ಇಂದಿನ ಕೊಯಮತ್ತೂರು ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮೂಲವಾದ ಸರ್ಕಾರಿ ಆಸ್ಪತ್ರೆ 1909ರಲ್ಲಿ ಸ್ಥಾಪನೆಯಾಗಿತ್ತಾದರೂ ಹಳ್ಳಿಗಳಿಂದ ಅಲ್ಲಿಗೆ ಬರಲು ಎತ್ತಿನ ಗಾಡಿ, ಜಟಕಾ ಗಾಡಿ ಅಥವಾ ನಾಲ್ವರು ಹೊತ್ತ ಮಂಚವೇ ಗತಿಯಾಗಿತ್ತು.

ಎರಡನೆಯ ಹಂತದ ಬೇಡಿಕೆಯನ್ನು ಹುಟ್ಟಿಸಿದ್ದು ಗಿರಣಿಗಳು. 1888ರಲ್ಲಿ ರಾಬರ್ಟ್ ಸ್ಟೇನ್ಸ್ ಮುಂದಾಳತ್ವದಲ್ಲಿ ಆರಂಭವಾದ ಕೊಯಮತ್ತೂರು ಸ್ಪಿನ್ನಿಂಗ್ ಅಂಡ್ ವೀವಿಂಗ್ ಮಿಲ್ಸ್ ಬಹುಕಾಲ ಒಂಟಿಯಾಗಿಯೇ ಇತ್ತು. 1930ರ ದಶಕದ ಆರಂಭದಲ್ಲಿ ನೀಲಗಿರಿಯ ಪೈಕಾರಾ ಜಲವಿದ್ಯುತ್ತು ಬಯಲಿಗೆ ಇಳಿದ ಮೇಲೆ ನೂಲಿನ ಗಿರಣಿಗಳು ಸಾಲುಗಟ್ಟಿ ಎದ್ದವು. ಅವುಗಳ ಜೊತೆಗೆ ಕೈ ಸಿಕ್ಕಿಕೊಳ್ಳುವ ಪಟ್ಟಿಗಳು, ಹತ್ತಿಯ ಧೂಳು, ಬೆಂಕಿ ಎಂಬ ಹೊಸ ಅಪಾಯಗಳೂ ಬಂದವು. 1948ರ ಕಾರ್ಖಾನೆಗಳ ಕಾಯ್ದೆ ಐನೂರಕ್ಕಿಂತ ಹೆಚ್ಚು ಕಾರ್ಮಿಕರಿರುವ ಪ್ರತಿ ಕಾರ್ಖಾನೆಯಲ್ಲಿ ಆಂಬುಲೆನ್ಸ್ ಕೊಠಡಿ, ಅಂದರೆ ಗಾಯಾಳುವಿಗೆ ಮೊದಲ ಆರೈಕೆ ನೀಡುವ ಸಜ್ಜಿತ ಕೋಣೆ, ಇರಬೇಕೆಂದು ವಿಧಿಸಿತು. ಕಾರ್ಮಿಕ ಮತ್ತು ಮಾಲೀಕ ಇಬ್ಬರಿಂದಲೂ ವಂತಿಗೆ ಪಡೆದು ಕಾಯಿಲೆ, ಹೆರಿಗೆ, ಕೆಲಸದ ಗಾಯಗಳಿಗೆ ನೆರವು ನೀಡುವ ಕಾರ್ಮಿಕರ ರಾಜ್ಯ ವಿಮೆ, ಅಂದರೆ ಇಎಸ್‌ಐ ಯೋಜನೆ, ಅಂದಿನ ಮದರಾಸು ರಾಜ್ಯದಲ್ಲಿ ಮೊದಲು ಜಾರಿಗೆ ಬಂದದ್ದು 1955ರ ಜನವರಿಯಲ್ಲಿ ಕೊಯಮತ್ತೂರಿನಲ್ಲಿಯೇ. ಗಾಯಗೊಂಡ ದುಡಿಮೆಗಾರನನ್ನು ಆಸ್ಪತ್ರೆಗೆ ತಲುಪಿಸುವುದು ಮಾಲೀಕನ ದಯೆಯಲ್ಲ, ವಂತಿಗೆ ತೆತ್ತವನ ಹಕ್ಕು ಎಂಬ ತಿಳಿವಳಿಕೆ ಇಲ್ಲಿಂದ ಬೇರೂರಿತು. ಆದರೆ ಆ ಹಕ್ಕು ಗಿರಣಿಯ ಹಾಜರಿ ಪಟ್ಟಿಯಲ್ಲಿ ಹೆಸರಿದ್ದವರಿಗೆ ಮತ್ತು ಅವರ ಕುಟುಂಬಗಳಿಗೆ ಸೀಮಿತವಾಗಿತ್ತು.

ಆನೈಮಲೈ ಬೆಟ್ಟಗಳ ಮೇಲಿರುವ ವಾಲ್ಪಾರೈ ಪ್ರದೇಶದ ಚಹಾ ತೋಟಗಳ ಕಥೆ ಇದಕ್ಕಿಂತ ಕಠಿಣವಾದುದು. ಪೊಳ್ಳಾಚಿಯಿಂದ ಸುಮಾರು 64 ಕಿಲೋಮೀಟರ್ ದೂರದ ಈ ಊರಿಗೆ ಆಳಿಯಾರಿನಿಂದ 40 ಹೇರ್‌ಪಿನ್ ತಿರುವುಗಳನ್ನು ಹತ್ತಿ ಹೋಗಬೇಕು. 1940ರ ದಶಕದಲ್ಲಿ ಅಲ್ಲಿನ ತೋಟಗಳಲ್ಲಿ ವೈದ್ಯರಾಗಿದ್ದ ಪಿ.ಎಚ್. ಡೇನಿಯಲ್ ಅವರು 1969ರಲ್ಲಿ ಪ್ರಕಟಿಸಿದ ‘ರೆಡ್ ಟೀ’ ಕಾದಂಬರಿ, ಮಲೇರಿಯಾ ಮೊದಲಾದ ಜ್ವರಗಳಿಗೂ ಮೇಸ್ತ್ರಿಗಳ ದಬ್ಬಾಳಿಕೆಗೂ ಬಲಿಯಾದ ಕೂಲಿಗಳ ಬದುಕನ್ನು ದಾಖಲಿಸಿದೆ. ಬಾಲಾ ನಿರ್ದೇಶನದ 2013ರ ‘ಪರದೇಶಿ’ ಚಿತ್ರಕ್ಕೆ ಆಧಾರವಾದದ್ದು ಇದೇ ಕೃತಿ. 1951ರ ತೋಟ ಕಾರ್ಮಿಕರ ಕಾಯ್ದೆ ವೈದ್ಯಕೀಯ ಸೌಲಭ್ಯವನ್ನು ತೋಟದ ಆಡಳಿತದ ಹೊಣೆಯಾಗಿಸಿತು. ಹೀಗೆ ಬಯಲಿನ ಗಿರಣಿಯಲ್ಲಿಯೂ ಬೆಟ್ಟದ ತೋಟದಲ್ಲಿಯೂ ತುರ್ತು ಆರೈಕೆ ಎಂಬುದು ಉದ್ಯೋಗಕ್ಕೆ ಅಂಟಿಕೊಂಡ ಸೌಲಭ್ಯವಾಗಿಯೇ ಬೆಳೆಯಿತು. ಹೊಲದಲ್ಲಿ ಹಾವು ಕಚ್ಚಿದ ಕೂಲಿಗೂ ಹಾಡಿಯ ಬಸುರಿಗೂ ಅದರಲ್ಲಿ ಪಾಲಿರಲಿಲ್ಲ.

ಸ್ವಾತಂತ್ರ್ಯಾನಂತರದ ನಾಲ್ಕು ದಶಕಗಳಲ್ಲಿ ಕೊಯಮತ್ತೂರು ಗಿರಣಿಗಳ ಪಟ್ಟಣದಿಂದ ಆಸ್ಪತ್ರೆಗಳ ನಗರವಾಗಿ ಬೆಳೆದದ್ದು ಮೂರನೆಯ ಹಂತ. ಜಿ. ಕುಪ್ಪುಸ್ವಾಮಿ ನಾಯ್ಡು ಸ್ಮಾರಕ ಆಸ್ಪತ್ರೆ 1952ರಲ್ಲಿ, ಸರ್ಕಾರಿ ವೈದ್ಯಕೀಯ ಕಾಲೇಜು 1966ರಲ್ಲಿ, ಮೂಳೆ ಹಾಗೂ ಅಪಘಾತ ಚಿಕಿತ್ಸೆಗೆ ಹೆಸರಾದ ಗಂಗಾ ಆಸ್ಪತ್ರೆ 1978ರಲ್ಲಿ, ಅವಿನಾಶಿ ರಸ್ತೆಯ ಕೋವೈ ಮೆಡಿಕಲ್ ಸೆಂಟರ್ 1990ರಲ್ಲಿ ಆರಂಭವಾದವು. ಇದೇ ಅವಧಿಯಲ್ಲಿ, ಪೂರ್ವಕ್ಕೆ ಸುಮಾರು 50 ಕಿಲೋಮೀಟರ್ ದೂರದ ತಿರುಪ್ಪೂರು ಹೆಣೆದ ಉಡುಪುಗಳ ರಫ್ತಿನಿಂದ, ಅದರಲ್ಲೂ 1980ರ ದಶಕದ ನಂತರ, ಬಿರುಸಾಗಿ ಬೆಳೆಯಿತು. ಹೊರಜಿಲ್ಲೆಗಳಿಂದ ಮೊದಲು, ಉತ್ತರ ಮತ್ತು ಪೂರ್ವ ಭಾರತದಿಂದ ಆಮೇಲೆ, ಲಕ್ಷಾಂತರ ಕೆಲಸಗಾರರು ಅಲ್ಲಿಗೆ ಬಂದರು. ಆದರೆ ದೊಡ್ಡ ಚಿಕಿತ್ಸೆಯ ಕೇಂದ್ರಗಳು ಕೊಯಮತ್ತೂರಿನಲ್ಲೇ ಉಳಿದವು. ಅಪಾಯ ಒಂದು ಊರಿನಲ್ಲಿ, ಪರಿಹಾರ ಇನ್ನೊಂದು ಊರಿನಲ್ಲಿ ಎಂಬ ಈ ಏರ್ಪಾಡು ಅವಿನಾಶಿ ರಸ್ತೆಯನ್ನು ಸೀಮೆಯ ಪ್ರಮುಖ ಆಂಬುಲೆನ್ಸ್ ದಾರಿಯನ್ನಾಗಿಸಿತು.

ಆ ದಾರಿಯಲ್ಲಿ ಓಡಿದ್ದು ಹೆಚ್ಚಾಗಿ ಆಸ್ಪತ್ರೆಗಳ ಸ್ವಂತ ವಾಹನಗಳು, ಧರ್ಮಸಂಸ್ಥೆಗಳ ಗಾಡಿಗಳು ಮತ್ತು ಆಸ್ಪತ್ರೆಯ ಗೇಟಿನ ಬಳಿ ಬಾಡಿಗೆಗೆ ನಿಲ್ಲುತ್ತಿದ್ದ ಖಾಸಗಿ ವ್ಯಾನುಗಳು. 1984ರಲ್ಲಿ ಮಾರುಕಟ್ಟೆಗೆ ಬಂದ ಮಾರುತಿ ವ್ಯಾನಿನ ಹಿಂದಿನ ಸೀಟು ತೆಗೆದು ಸ್ಟ್ರೆಚರ್ ಮತ್ತು ಆಮ್ಲಜನಕದ ಸಿಲಿಂಡರ್ ಇಟ್ಟರೆ ಅದೇ ಆಂಬುಲೆನ್ಸ್ ಎನಿಸಿಕೊಳ್ಳುತ್ತಿತ್ತು. ಒಳಗೆ ತರಬೇತಿ ಪಡೆದವರು ಇರಬೇಕೆಂಬ ನಿಯಮವಾಗಲಿ ನಿಗದಿತ ದರವಾಗಲಿ ಇರಲಿಲ್ಲ. 1995ರಲ್ಲಿ ಸ್ಥಾಪನೆಯಾದ ತಮಿಳುನಾಡು ಮುಸ್ಲಿಂ ಮುನ್ನೇಟ್ರ ಕಳಗದಂತಹ ಸಮುದಾಯ ಸಂಘಟನೆಗಳು ರಾಜ್ಯದ ಹಲವೆಡೆ ಆಂಬುಲೆನ್ಸ್ ಸೇವೆಯನ್ನು ಕೈಗೆತ್ತಿಕೊಂಡದ್ದು ಈ ಕೊರತೆಯ ಹಿನ್ನೆಲೆಯಲ್ಲಿಯೇ. 1998ರ ಫೆಬ್ರುವರಿ 14ರಂದು ಕೊಯಮತ್ತೂರಿನಲ್ಲಿ ನಡೆದ ಸರಣಿ ಬಾಂಬ್ ಸ್ಫೋಟಗಳಲ್ಲಿ 58 ಮಂದಿ ಸತ್ತು ಇನ್ನೂರಕ್ಕೂ ಹೆಚ್ಚು ಮಂದಿ ಗಾಯಗೊಂಡಾಗ, ಇಡೀ ನಗರಕ್ಕೆ ಒಂದೇ ಕರೆಸಂಖ್ಯೆಯಾಗಲಿ, ಎಲ್ಲ ವಾಹನಗಳನ್ನೂ ಒಂದೆಡೆಯಿಂದ ನಿರ್ದೇಶಿಸುವ ಕೇಂದ್ರವಾಗಲಿ ಇರಲಿಲ್ಲ. ಅಂಥದೊಂದು ವ್ಯವಸ್ಥೆ ಬರಲು ಇನ್ನೂ ಹತ್ತು ವರ್ಷ ಹಿಡಿಯಿತು.

ಆ ವ್ಯವಸ್ಥೆಯೇ 108. 2005ರ ಆಗಸ್ಟ್ 15ರಂದು ಅವಿಭಜಿತ ಆಂಧ್ರಪ್ರದೇಶದಲ್ಲಿ ಇಎಂಆರ್‌ಐ ಸಂಸ್ಥೆ ಆರಂಭಿಸಿದ ಈ ಸೇವೆಯನ್ನು ತಮಿಳುನಾಡು 2008ರ ಸೆಪ್ಟೆಂಬರಿನಲ್ಲಿ ಅಳವಡಿಸಿಕೊಂಡಿತು; ಕರ್ನಾಟಕದಲ್ಲಿ ಅದೇ ವರ್ಷದ ನವೆಂಬರ್ 1ರಂದು ‘ಆರೋಗ್ಯ ಕವಚ’ ಎಂಬ ಹೆಸರಿನಲ್ಲಿ ಇದೇ ಮಾದರಿ ಜಾರಿಗೆ ಬಂತು. ವೆಚ್ಚವನ್ನು ಸರ್ಕಾರ ಭರಿಸಿ ನಿರ್ವಹಣೆಯನ್ನು ಹೊರಗಿನ ಸಂಸ್ಥೆಗೆ ವಹಿಸುವುದು ಇದರ ಕ್ರಮ. ಕರೆ ಚೆನ್ನೈಯ ಕೇಂದ್ರಕ್ಕೆ ಹೋಗುತ್ತದೆ. ಅಲ್ಲಿನ ಸಿಬ್ಬಂದಿ ಸ್ಥಳ ಮತ್ತು ತೊಂದರೆಯ ಸ್ವರೂಪವನ್ನು ಕೇಳಿ ತಿಳಿದು ಹತ್ತಿರದ ವಾಹನವನ್ನು ಕಳುಹಿಸುತ್ತಾರೆ. ವಾಹನದಲ್ಲಿ ಚಾಲಕನ ಜೊತೆಗೆ ಪ್ರಥಮ ಚಿಕಿತ್ಸೆ, ರಕ್ತಸ್ರಾವ ತಡೆ, ಹೆರಿಗೆ ನಿರ್ವಹಣೆ ಮೊದಲಾದವುಗಳಲ್ಲಿ ತರಬೇತಿ ಪಡೆದ ತುರ್ತು ವೈದ್ಯಕೀಯ ತಂತ್ರಜ್ಞರೊಬ್ಬರು ಇರುತ್ತಾರೆ. ವೆಂಟಿಲೇಟರ್, ಅಂದರೆ ಕೃತಕ ಉಸಿರಾಟದ ಯಂತ್ರ, ಇರುವ ವಾಹನಗಳು ಪ್ರತ್ಯೇಕವಾಗಿವೆ. ನವಜಾತ ಶಿಶುಗಳಿಗಾಗಿ ಬೇರೆ ವಾಹನಗಳೂ, 2016ರಿಂದ ಇಕ್ಕಟ್ಟಾದ ಬೀದಿಗಳಿಗಾಗಿ ಬೈಕ್ ಆಂಬುಲೆನ್ಸ್‌ಗಳೂ ಸೇರಿಕೊಂಡವು.

ಉಚಿತ ಸೇವೆ ಬಂದ ಮೇಲೆ ಬೇಡಿಕೆಯ ಸ್ವರೂಪವೇ ಬದಲಾಯಿತು. ಆಂಬುಲೆನ್ಸ್ ಎಂದರೆ ಅಪಘಾತ ಅಥವಾ ಸಾವಿನ ಅಂಚು ಎಂಬ ಹಳೆಯ ಭಾವನೆ ಸಡಿಲಗೊಂಡು, ಗರ್ಭಿಣಿಯರ ಕರೆಗಳು 108ರ ಬಹುದೊಡ್ಡ ಪಾಲನ್ನು ಆಕ್ರಮಿಸಿದವು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತಮಿಳುನಾಡಿನ ಹೆರಿಗೆಗಳಲ್ಲಿ ಶೇಕಡ 99ಕ್ಕೂ ಹೆಚ್ಚು ಆಸ್ಪತ್ರೆಗಳಲ್ಲಿ ನಡೆಯುತ್ತಿವೆ; ಪ್ರಾಥಮಿಕ ಆರೋಗ್ಯ ಕೇಂದ್ರಗಳು ಮತ್ತು ಹೆರಿಗೆ ಸಹಾಯಧನಗಳ ಜೊತೆಗೆ ಈ ವಾಹನಗಳಿಗೂ ಅದರಲ್ಲಿ ಪಾಲಿದೆ. ಎರಡನೆಯ ದೊಡ್ಡ ಬೇಡಿಕೆ ಆಸ್ಪತ್ರೆಯಿಂದ ಆಸ್ಪತ್ರೆಗೆ ರೋಗಿಯ ವರ್ಗಾವಣೆ. ತಾಲ್ಲೂಕು ಆಸ್ಪತ್ರೆಯಲ್ಲಿ ನಿಭಾಯಿಸಲಾಗದ ತಲೆಪೆಟ್ಟು, ಹೃದಯಾಘಾತ, ಕಷ್ಟದ ಹೆರಿಗೆಗಳನ್ನು ಮೇಲಿನ ಆಸ್ಪತ್ರೆಗೆ ಕಳುಹಿಸುವ ಈ ಪದ್ಧತಿಗೆ 2009ರ ಕಲೈಞರ್ ವಿಮಾ ಯೋಜನೆಯೂ 2012ರಲ್ಲಿ ಅದರ ಜಾಗಕ್ಕೆ ಬಂದ ಮುಖ್ಯಮಂತ್ರಿ ಆರೋಗ್ಯ ವಿಮಾ ಯೋಜನೆಯೂ ಮತ್ತಷ್ಟು ವೇಗ ಕೊಟ್ಟವು. ಬಡ ಕುಟುಂಬಕ್ಕೂ ಖಾಸಗಿ ಆಸ್ಪತ್ರೆಯ ಬಾಗಿಲು ತೆರೆದಾಗ ತಿರುಪ್ಪೂರು ಜಿಲ್ಲೆಯ ಉಡುಮಲೈ, ಧಾರಾಪುರ, ಕಾಂಗೇಯಂಗಳ ರೋಗಿ ಕೊಯಮತ್ತೂರಿನತ್ತ ಹೊರಡುವುದು ಸಹಜವಾಯಿತು.

ಸಾಗಣೆಯ ಇನ್ನೊಂದು ಬಗೆಯ ಬೇಡಿಕೆ ಶವಗಳದ್ದು. ಬಹುಕಾಲ ರೋಗಿಯನ್ನು ತಂದ ಬಾಡಿಗೆ ವ್ಯಾನೇ ಶವವನ್ನೂ ಊರಿಗೆ ಒಯ್ಯುತ್ತಿತ್ತು, ದುಃಖದ ಹೊತ್ತಿನಲ್ಲಿ ಬಾಡಿಗೆಯ ಚೌಕಾಸಿಗೆ ಮನೆಯವರಲ್ಲಿ ತ್ರಾಣವಿರುತ್ತಿರಲಿಲ್ಲ. ಅಮೆರಿಕದಲ್ಲಿಯೂ 1960ರ ದಶಕದ ವರೆಗೆ ಅಂತ್ಯಸಂಸ್ಕಾರದ ವ್ಯವಹಾರ ನಡೆಸುವವರೇ ತಮ್ಮ ವಾಹನಗಳಲ್ಲಿ ರೋಗಿಗಳನ್ನೂ ಸಾಗಿಸುತ್ತಿದ್ದರೆಂಬುದನ್ನು ನೆನೆದರೆ ಈ ಬೆರಕೆ ಒಂದು ಸೀಮೆಯ ವಿಶೇಷವಲ್ಲ. ತಮಿಳುನಾಡು ಸರ್ಕಾರ ರೆಡ್ ಕ್ರಾಸ್ ಸಂಸ್ಥೆಯ ಮೂಲಕ ಸರ್ಕಾರಿ ಆಸ್ಪತ್ರೆಗಳಿಂದ ಉಚಿತ ಶವವಾಹನ ಸೇವೆಯನ್ನು 155377 ಸಂಖ್ಯೆಯಡಿ ಒದಗಿಸಿದ ಮೇಲೆ ಎರಡೂ ಕೆಲಸಗಳು ಬೇರ್ಪಟ್ಟವು.

ಹೆದ್ದಾರಿಗಳ ಹಿಗ್ಗುವಿಕೆ ಬೇಡಿಕೆಯನ್ನು ಜಿಲ್ಲೆಯ ಗಡಿ ದಾಟಿಸಿತು. 2020ರ ಫೆಬ್ರುವರಿ 20ರ ನಸುಕಿನಲ್ಲಿ, ಬೆಂಗಳೂರಿನಿಂದ ಎರ್ನಾಕುಳಂಗೆ ಹೊರಟಿದ್ದ ಕೇರಳ ಸಾರಿಗೆ ಬಸ್ಸಿಗೆ ತಿರುಪ್ಪೂರು ಜಿಲ್ಲೆಯ ಅವಿನಾಶಿ ಬಳಿ ಸೇಲಂ–ಕೊಚ್ಚಿ ಹೆದ್ದಾರಿಯಲ್ಲಿ ಕಂಟೇನರ್ ಲಾರಿ ಅಪ್ಪಳಿಸಿ 19 ಮಂದಿ ಸತ್ತರು. ಮೃತರನ್ನೂ ಗಾಯಾಳುಗಳನ್ನೂ ಕರೆತರಲು ಕೇರಳ ಸರ್ಕಾರ ತನ್ನ ಆಂಬುಲೆನ್ಸ್‌ಗಳನ್ನು ಕಳುಹಿಸಬೇಕಾಯಿತು. ಆ ವೇಳೆಗೆ ಕಾನೂನೂ ಬಿಗಿಯಾಗಿತ್ತು: 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ, ತುರ್ತು ವಾಹನಕ್ಕೆ ದಾರಿ ಬಿಡದವರಿಗೆ 10,000 ರೂಪಾಯಿ ದಂಡ ಅಥವಾ ಆರು ತಿಂಗಳ ವರೆಗಿನ ಸೆರೆವಾಸವನ್ನು ವಿಧಿಸುತ್ತದೆ. 2021ರ ಡಿಸೆಂಬರ್ 18ರಂದು ಆರಂಭವಾದ ‘ಇನ್ನುಯಿರ್ ಕಾಪ್ಪೋಮ್’ ಯೋಜನೆ, ರಸ್ತೆ ಅಪಘಾತದ ಮೊದಲ 48 ಗಂಟೆಗಳ ಚಿಕಿತ್ಸೆಯನ್ನು ಪಟ್ಟಿಯಲ್ಲಿರುವ ಖಾಸಗಿ ಆಸ್ಪತ್ರೆಗಳಲ್ಲಿಯೂ ಉಚಿತವಾಗಿಸಿತು.

ಈ ನಡುವೆ ಬಂದ ಕೋವಿಡ್ ಬೇಡಿಕೆಯನ್ನು ಹಿಂದೆಂದೂ ಕಾಣದ ಮಟ್ಟಕ್ಕೆ ಏರಿಸಿತು. 2021ರ ಮೇ ತಿಂಗಳ ಕೊನೆಯ ವಾರ ದಿನದ ಹೊಸ ಪ್ರಕರಣಗಳಲ್ಲಿ ಕೊಯಮತ್ತೂರು ಜಿಲ್ಲೆ ಚೆನ್ನೈಯನ್ನೂ ಹಿಂದೆ ಹಾಕಿತು. ಮೇ 30ರಂದು ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ಅವರು ರಕ್ಷಣಾ ಉಡುಪು ಧರಿಸಿ ಅಲ್ಲಿನ ಇಎಸ್‌ಐ ಆಸ್ಪತ್ರೆಯ ಕೋವಿಡ್ ವಾರ್ಡಿಗೆ ಭೇಟಿಯಿತ್ತರು, ನಗರದಲ್ಲಿ ಕಾರುಗಳನ್ನೇ ಆಂಬುಲೆನ್ಸ್‌ಗಳನ್ನಾಗಿ ಓಡಿಸುವ ವ್ಯವಸ್ಥೆಗೂ ಚಾಲನೆ ನೀಡಿದರು. ಗಿರಣಿ ಕಾರ್ಮಿಕರಿಗಾಗಿ ಬಂದ ವಿಮಾ ವ್ಯವಸ್ಥೆಯ ಆಸ್ಪತ್ರೆ ಹೀಗೆ ಇಡೀ ಜಿಲ್ಲೆಯ ಆಸರೆಯಾಯಿತು.

2011ರ ಜನಗಣತಿಯಲ್ಲಿ ಕೊಯಮತ್ತೂರು ಜಿಲ್ಲೆಯ ಜನಸಂಖ್ಯೆ 34.58 ಲಕ್ಷ, ತಿರುಪ್ಪೂರು ಜಿಲ್ಲೆಯದು 24.79 ಲಕ್ಷ. ನಿವೃತ್ತರು ನೆಲೆಸುವ ನಗರವೆಂದು ಕೊಯಮತ್ತೂರು ಹೆಸರಾದ ಹಾಗೆ ಡಯಾಲಿಸಿಸ್, ಪಾರ್ಶ್ವವಾಯು, ಹೃದಯದ ತೊಂದರೆಗಳಿರುವ ವೃದ್ಧರ ನಿತ್ಯದ ಸಾಗಣೆ ಹೊಸ ಬೇಡಿಕೆಯಾಗಿದೆ. ಇದನ್ನು ಪೂರೈಸುತ್ತಿರುವುದು ಬಹುಪಾಲು ಹಣ ಪಡೆಯುವ ಖಾಸಗಿ ವಾಹನಗಳು. ಇನ್ನೊಂದು ತುದಿಯಲ್ಲಿ, ಉಡುಮಲೈ ತಾಲ್ಲೂಕಿನ ಕುರುಮಲೈ, ಕುಳಿಪಟ್ಟಿಯಂತಹ ಗಿರಿಜನರ ಹಾಡಿಗಳಲ್ಲಿ ರಸ್ತೆಯಿಲ್ಲದ ಕಾರಣ ರೋಗಿಯನ್ನು ಬೆಟ್ಟದ ಬುಡದ ವರೆಗೆ ಡೋಲಿ ಕಟ್ಟಿ ಹೊತ್ತು ತಂದ ಸುದ್ದಿಗಳು ಈ ಶತಮಾನದಲ್ಲೂ ನಿಂತಿಲ್ಲ.

2022ರ ಜನವರಿ 12ರಂದು ಉದ್ಘಾಟನೆಯಾದ ತಿರುಪ್ಪೂರಿನ ಸರ್ಕಾರಿ ವೈದ್ಯಕೀಯ ಕಾಲೇಜು ಮತ್ತು 2025ರ ಅಕ್ಟೋಬರ್ 9ರಂದು ಸಂಚಾರಕ್ಕೆ ತೆರೆದ ಅವಿನಾಶಿ ರಸ್ತೆಯ 10.1 ಕಿಲೋಮೀಟರ್ ಉದ್ದದ ಜಿ.ಡಿ. ನಾಯ್ಡು ಮೇಲ್ಸೇತುವೆ, ದುಡಿಯುವ ಊರಿಗೂ ಚಿಕಿತ್ಸೆಯ ಊರಿಗೂ ನಡುವಿನ ದೂರದ ಸಮಸ್ಯೆಗೆ ದೊರೆತ ಎರಡು ಬೇರೆ ಬೇರೆ ಉತ್ತರಗಳು: ಮೊದಲನೆಯದು ಚಿಕಿತ್ಸೆಯನ್ನು ರೋಗಿಯ ಬಳಿಗೆ ತರುತ್ತದೆ, ಎರಡನೆಯದು ರೋಗಿಯನ್ನು ಚಿಕಿತ್ಸೆಯ ಬಳಿಗೆ ಬೇಗ ತಲುಪಿಸುತ್ತದೆ. ಮೇಲ್ಸೇತುವೆಯ ಪ್ರಯೋಜನ ನಗರದೊಳಗಿನ ನಿಮಿಷಗಳ ಉಳಿತಾಯಕ್ಕೆ ಸೀಮಿತ. ಹೆಚ್ಚು ವಾಹನಗಳು ಹೆಚ್ಚು ವರ್ಗಾವಣೆಗೆ ಎಡೆ ಮಾಡುತ್ತವೆಯೇ ಹೊರತು ಅದನ್ನು ತಗ್ಗಿಸುವುದಿಲ್ಲ ಎಂಬುದನ್ನು 108ರ ಅನುಭವ ತೋರಿಸಿದೆ. ತಿರುಪ್ಪೂರು, ಉಡುಮಲೈ, ವಾಲ್ಪಾರೈಗಳ ಆಸ್ಪತ್ರೆಗಳಿಗೆ ಶಸ್ತ್ರಚಿಕಿತ್ಸಕರು, ಅರಿವಳಿಕೆ ತಜ್ಞರು, ರಕ್ತನಿಧಿ ಮತ್ತು ತೀವ್ರ ನಿಗಾ ಘಟಕಗಳು ಸಾಕಷ್ಟು ಒದಗಿದ ಪ್ರಮಾಣದಲ್ಲಿಯೇ ಈ ಸೀಮೆಯ ಆಂಬುಲೆನ್ಸ್ ಬೇಡಿಕೆ ಹದಕ್ಕೆ ಬರಬಲ್ಲುದು. ಹಾಡಿಗಳ ಪಾಲಿಗಂತೂ ಆಂಬುಲೆನ್ಸಿಗಿಂತ ಮೊದಲು ಬೇಕಾಗಿರುವುದು ರಸ್ತೆ.